ಒಂಬತ್ತನೆಯ ಪ್ರಶ್ನೆ

ಮಗಳ ಎದೆಯೊಳಗೆ ಬಿಡುವ ವಸ್ತುವನ್ನು ಕಣ್ಣಾರೆ ನೋಡದೆ ಸಹಿ ಮಾಡುವುದಿಲ್ಲ ಎಂದು ಕಸ್ತೂರಿ ಹಟ ಹಿಡಿದಳು. ಡಾಕ್ಟರ್ ಹಂಪಿಹೊಳಿ ನಕ್ಕು, ಒಂದು ಸಣ್ಣ ಗಾಜಿನ ಸೀಸೆಯನ್ನು ಬೆಳಕಿಗೆ ಹಿಡಿದು ತೋರಿಸಿದರು. ನೀರಿನಂಥ ದ್ರವದ ಹೊರತು ಅದರಲ್ಲಿ ಏನೂ ಕಾಣಲಿಲ್ಲ.

"ಇದರಾಗ ಹತ್ತು ಸಾವಿರ ಅದಾವ್ರಿ ಅಕ್ಕಾರ. ಕಣ್ಣಿಗೆ ಕಾಣೂವಷ್ಟು ದೊಡ್ಡವಾದ್ರ ಕೆಲಸಕ್ಕ ಬರೂದಿಲ್ಲ."

"ಕಾಣದ್ದನ್ನ ನಂಬು ಅಂತೀರಿ."

"ನಿಮ್ಮ ಬಸ್ಸಿನ ಬ್ರೇಕ್ ನಿಮಗ ಕಾಣ್ತೈತೇನ್ರಿ?"

ಕಸ್ತೂರಿ ಗದಗದಲ್ಲಿ ಬಸ್ ಕಂಡಕ್ಟರ್. ಹದಿನಾಲ್ಕು ವರ್ಷದಿಂದ ಕಿಕ್ಕಿರಿದ ಬಸ್ಸಿನಲ್ಲಿ ನಿಂತು ಮಾತಿಗೆ ಮಾತು ಕೊಟ್ಟು ಪಳಗಿದವಳು. ಆದರೆ ಆ ದಿನ ಹುಬ್ಬಳ್ಳಿಯ ಆ ದೊಡ್ಡ ದವಾಖಾನೆಯಲ್ಲಿ ಅವಳು ಪೆನ್ನು ಇಸಿದುಕೊಂಡಳು. ಸಹಿ ಹಾಕಿದಳು.

ಮಗಳು ಸಂಜೋತಾಗೆ ಆಗ ಹತ್ತೂವರೆ ವರ್ಷ. ತುಟಿ, ಉಗುರು ಸದಾ ನೇರಳೆ ಹಣ್ಣು ತಿಂದವರ ಹಾಗೆ. ಶ್ವಾಸಕೋಶಕ್ಕೆ ಬಂದ ರಕ್ತ ಜರಡಿಯಂಥ ನವಿರು ನಾಳಗಳಲ್ಲಿ ಹಾದು, ಗಾಳಿ ಹೀರಿಕೊಂಡು ಹೃದಯಕ್ಕೆ ಮರಳಬೇಕು. ಸಂಜೋತಾಳ ಎದೆಯಲ್ಲಿ ಐದು ಕಡೆ ಆ ಜರಡಿಯೇ ಇರಲಿಲ್ಲ. ದಪ್ಪ ನಾಳಗಳು ನೇರವಾಗಿ ಒಂದಕ್ಕೊಂದು ಕೂಡಿಕೊಂಡು, ರಕ್ತ ಗಾಳಿಯನ್ನು ಮುಟ್ಟದೆಯೇ ದಾಟಿ ಹೋಗುತ್ತಿತ್ತು. ಹಾಗೆ ದಾಟುವ ರಕ್ತದಲ್ಲಿ ಒಂದು ಹೆಪ್ಪು ಇದ್ದರೆ ಅದು ನೆಟ್ಟಗೆ ಮೆದುಳಿಗೆ. ಕಸ್ತೂರಿಯ ತಾಯಿ ಮೂವತ್ನಾಲ್ಕರಲ್ಲಿ ಹಿಟ್ಟು ನಾದುತ್ತಲೇ ಒರಗಿ ಸತ್ತದ್ದು ಹೀಗೇ ಇದ್ದೀತು ಎಂದು ಡಾಕ್ಟರು ಈಗ ಹೇಳಿದರು. ಕಸ್ತೂರಿಗೂ ಚಿಕ್ಕಂದಿನಿಂದ ಮೂಗಿನಲ್ಲಿ ರಕ್ತ ಒಸರುತ್ತಿತ್ತು. ಅದನ್ನು ಉಷ್ಣ ಎಂದುಕೊಂಡು ಸಬ್ಜಾ ಬೀಜ ನೆನೆಸಿ ಕುಡಿಯುತ್ತಿದ್ದಳು. ಮಗಳಿಗೆ ತಾನು ಕೊಟ್ಟ ಬಳುವಳಿ ಅದು ಎಂದು ತಿಳಿದ ಮೇಲೆ ಆ ರಕ್ತವನ್ನು ಒರೆಸಿಕೊಳ್ಳುವಾಗಲೆಲ್ಲ ಅವಳಿಗೆ ಅಪರಾಧ ಮಾಡಿದಂತೆ ಅನಿಸುತ್ತಿತ್ತು.

ಮೊದಲೆಲ್ಲ ಇಂಥ ಮಕ್ಕಳಿಗೆ ತೊಡೆಯ ಸಂದಿನ ರಕ್ತನಾಳದಿಂದ ತೆಳ್ಳನೆಯ ಕೊಳವೆ ತೂರಿಸಿ, ಹೃದಯ ದಾಟಿಸಿ, ಕೆಟ್ಟ ನಾಳದಲ್ಲಿ ತಂತಿಯ ಸುರುಳಿ ಇಟ್ಟು ಮುಚ್ಚುತ್ತಿದ್ದರು. ಕೊಯ್ಯುವುದಿಲ್ಲ, ಹೊಲಿಯುವುದಿಲ್ಲ, ಮರುದಿನ ಮಗು ಮನೆಗೆ. ತೊಡಕು ಒಂದೇ. ಮಗು ಬೆಳೆದಂತೆ ಹೊಸ ಕೆಟ್ಟ ನಾಳಗಳು ಹುಟ್ಟುತ್ತವೆ, ಮತ್ತೆ ಮತ್ತೆ ಕೊಳವೆ ಹಾಕಬೇಕು. ಕೊಳವೆ ಅದೇ, ಆದರೆ ಈಗ ಸುರುಳಿಯ ಬದಲು ಸೀಸೆಯಲ್ಲಿನ ಈ ಯಂತ್ರ ಕಣಗಳು ಬಂದಿದ್ದವು. ಒಮ್ಮೆ ಬಿಟ್ಟರೆ ಅವು ನಾಳದ ಗೋಡೆಗೆ ಅಂಟಿ ಕೂತು ಕಾವಲು ಕಾಯುತ್ತವೆ. ಯಾವ ನಾಳ ತನ್ನ ಮಿತಿ ಮೀರಿ ಅಗಲವಾಯಿತೋ ಅಲ್ಲಿಯ ಕಣಗಳು ಒಂದನ್ನೊಂದು ಕರೆದು, ನೀರಿಗೆ ಹಾಕಿದ ಸಾಬೂದಾಣಿಯಂತೆ ಉಬ್ಬಿ, ದಾರಿ ಮುಚ್ಚಿಬಿಡುತ್ತವೆ.

"ಮಿತಿ ಎಷ್ಟು ಅಂತ ಅವಕ್ಕ ಯಾರು ಹೇಳ್ತಾರ?" ಎಂದು ಕಸ್ತೂರಿ ಕೇಳಿದ್ದಳು.

ಡಾಕ್ಟರು ಗಾಜಿನ ಆಚೆಯ ಕೋಣೆಯತ್ತ ಕೈ ತೋರಿಸಿದರು. ಅಲ್ಲಿ ಹಸಿರು ಕೋಟಿನ ಹೆಂಗಸೊಬ್ಬಳು ನಾಲ್ಕು ಪರದೆಗಳ ಮುಂದೆ ಕೂತಿದ್ದಳು. ಹೆಸರು ಶಾಹೀನ್. ಒಂದು ಪರದೆಯಲ್ಲಿ ಸಂಜೋತಾಳ ಶ್ವಾಸಕೋಶ ಬಿಡಿಸಿಟ್ಟಂತೆ ಮೂಡಿತ್ತು. ಡಿಪೋದ ಗೋಡೆಗೆ ಅಂಟಿಸಿದ ಮಾರ್ಗಗಳ ನಕಾಶೆಯ ಹಾಗೆ, ದಪ್ಪ ಗೆರೆಯಿಂದ ಸಣ್ಣ ಗೆರೆ, ಸಣ್ಣದರಿಂದ ಇನ್ನೂ ಸಣ್ಣದು.

ಶಾಹೀನ್ ಹೊರಗೆ ಬಂದು ತಲೆದಿಂಬಿನ ಕೆಳಗೆ ಇಡುವ ಒಂದು ಚಪ್ಪಟೆ ಡಬ್ಬಿ ಕೊಟ್ಟಳು. "ಇದು ಮಲಗಿದಾಗ ಕಣಗಳ ಮಾತು ಕೇಳಿ ನಮಗ ಕಳಸ್ತೈತ್ರಿ. ಪ್ರತಿ ರವಿವಾರ ಮುಂಜಾನೆ ಎಂಟಕ್ಕ ಫೋನ್ ಬರ್ತೈತಿ, ಮಶೀನ್ ಮಾತಾಡ್ತೈತಿ. ಒಂಬತ್ತು ಪ್ರಶ್ನೆ. ಹೌದು, ಇಲ್ಲ ಅಂದ್ರ ಸಾಕು. ಎಲ್ಲಾ ಮಕ್ಕಳ ಉತ್ತರ ಕೂಡಿಸಿ ಅದು ತಾನ ಮಿತಿ ಕಲೀತೈತಿ."

ಅರ್ಜಿಯಲ್ಲಿ ಪಾಲಕರ ಫೋನ್ ಎಂದಿದ್ದ ಕಡೆ ಕಸ್ತೂರಿಯ ಗಂಡ ಮುತ್ತಣ್ಣ ತನ್ನ ನಂಬರು ಬರೆದಿದ್ದ.

*

ಮೂರನೆಯ ದಿನವೇ ಸಂಜೋತಾಳ ತುಟಿ ಕೆಂಪಾಯಿತು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರಿನಲ್ಲಿ ಎಂಬತ್ತನಾಲ್ಕು ಇದ್ದದ್ದು ತೊಂಬತ್ತೇಳಕ್ಕೆ ಏರಿತು. ಹುಡುಗಿ ಮೆಟ್ಟಿಲುಗಳನ್ನು ಎರಡೆರಡಾಗಿ ಹಾರಿ ಮಾಳಿಗೆಗೆ ಹೋಗಿ, ಅಲ್ಲಿಂದ "ಅವ್ವಾ, ದಣಿವಾಗಿಲ್ಲ!" ಎಂದು ಓಣಿಗೆಲ್ಲ ಕೇಳುವಂತೆ ಕೂಗಿದಳು. ಶಾಲೆಯ ಖೋಖೋ ತಂಡಕ್ಕೆ ಸೇರಿದಳು. ಎರಡು ವರ್ಷ ಮನೆ ಹಬ್ಬದ ಮನೆಯಂತಿತ್ತು.

ರವಿವಾರದ ಫೋನು ಮನೆಯವರಿಗೆಲ್ಲ ಒಂದು ಪೂಜೆಯಷ್ಟೇ ಖಾಯಂ ಆಯಿತು. ಮುತ್ತಣ್ಣ ಫೋನನ್ನು ಪಡಸಾಲೆಯ ನಡುವೆ ಸ್ಟೂಲಿನ ಮೇಲೆ ಇಟ್ಟು ಸ್ಪೀಕರ್ ಹಾಕುತ್ತಿದ್ದ. ಅತ್ತೆ ಶಂಕ್ರವ್ವ ಗೋಡೆಗೆ ಒರಗಿ ಕೂರುತ್ತಿದ್ದಳು. ಮುತ್ತಣ್ಣನ ಅಕ್ಕ ಮಹಾನಂದಾ ಹಿಂದಿನ ಓಣಿಯಿಂದ ಚಹಾದ ಹೊತ್ತಿಗೆ ಸರಿಯಾಗಿ ಬರುತ್ತಿದ್ದಳು. ಯಂತ್ರದ ಗಂಡು ದನಿ ಪುಸ್ತಕದ ಕನ್ನಡದಲ್ಲಿ ಕೇಳುತ್ತಿತ್ತು. ಮಗುವಿಗೆ ಜ್ವರವಿದೆಯೇ? ಎದೆ ನೋವಿದೆಯೇ? ಮೂಗಿನಲ್ಲಿ ರಕ್ತ ಬಂದಿದೆಯೇ? ಕಸ್ತೂರಿ ಪಾಠ ಒಪ್ಪಿಸಿದಂತೆ ಉತ್ತರಿಸುತ್ತಿದ್ದಳು.

ಒಂಬತ್ತನೆಯದು: ಮಗು ಋತುಮತಿಯಾಗಿದ್ದಾಳೆಯೇ?

ಆ ಪ್ರಶ್ನೆ ಬಂದಾಗ ಮುತ್ತಣ್ಣ ಕಿಟಕಿಯ ಕಡೆ ನೋಡುತ್ತಿದ್ದ. ಶಂಕ್ರವ್ವ ಸೆರಗು ಸರಿಪಡಿಸಿಕೊಳ್ಳುತ್ತಿದ್ದಳು. ಮಹಾನಂದಾ ಮಾತ್ರ ಬಸಿಯಲ್ಲಿದ್ದ ಚಹಾ ಹಾಗೇ ಹಿಡಿದು ಕಸ್ತೂರಿಯ ಬಾಯನ್ನೇ ನೋಡುತ್ತಿದ್ದಳು. ಅವಳ ಮಗ ಶ್ರೀಶೈಲನಿಗೆ ಇಪ್ಪತ್ತೆರಡು, ನರಗುಂದದಲ್ಲಿ ಮೊಬೈಲ್ ಅಂಗಡಿ.

"ಇಲ್ಲ," ಎನ್ನುತ್ತಿದ್ದಳು ಕಸ್ತೂರಿ.

"ಆಗ್ತಾಳ ಬಿಡು, ಇವತ್ತಲ್ಲ ನಾಳೆ," ಎಂದು ಮಹಾನಂದಾ ಚಹಾ ಸೊರ್ ಎಂದು ಹೀರುತ್ತಿದ್ದಳು. "ಆದ ದಿನಾನ ಉಡಿ ತುಂಬಿ ಮಾತು ಕಟ್ಟಿಬಿಡೂಣು. ಲಗ್ನ ಆಮ್ಯಾಲೆ. ಹಕ್ಕಿನ ಹುಡುಗಿ, ಹೊರಗ ಹೋಗಬಾರ್ದು. ಅಲ್ಲಾ, ಎದೀ ಬ್ಯಾನಿ ಹುಡುಗೀನ ಬ್ಯಾರೆ ಯಾರು ಒಯ್ತಾರ ಹೇಳು? ನಾವು ಅಂತ."

"ಹುಡುಗಿ ಸಾಲಿ ಕಲೀಲಿ ವೈನಿ."

"ಕಲೀಲಿ. ಯಾರು ಬ್ಯಾಡಂದ್ರು? ಶ್ರೀಶೈಲನ ಅಂಗಡ್ಯಾಗ ಕೂತು ಕಲೀಲಿ."

ಎಲ್ಲರೂ ನಗುತ್ತಿದ್ದರು. ಮುತ್ತಣ್ಣನೂ ನಗುತ್ತಿದ್ದ. ಅಕ್ಕನ ಮಾತಿಗೆ ಅವನು ಎದುರಾಡಿದ್ದನ್ನು ಕಸ್ತೂರಿ ಮದುವೆಯಾದಾಗಿನಿಂದ ನೋಡಿರಲಿಲ್ಲ.

ಸಂಜೋತಾಗೆ ಹನ್ನೆರಡೂವರೆ ತುಂಬಿದ ಒಂದು ಗುರುವಾರ. ಕಸ್ತೂರಿ ಕೆಲಸ ಮುಗಿಸಿ ಬಂದಾಗ ಮಗಳು ಬಚ್ಚಲಿನ ಬಾಗಿಲು ಹಾಕಿಕೊಂಡು ಕೂತಿದ್ದಳು. ಬಾಗಿಲ ಸಂದಿಯಿಂದ ಮಾತಾಡಿಸಿ, ಒಳಗೆ ಹೋಗಿ, ಕಸ್ತೂರಿ ಮಗಳ ತಲೆ ಎದೆಗೆ ಒತ್ತಿಕೊಂಡಳು. ಸಂತೋಷಪಡಬೇಕೋ ಹೆದರಬೇಕೋ ತಿಳಿಯಲಿಲ್ಲ. ಅತ್ತೆ ಕೇರಿಯ ಭಜನೆಗೆ ಹೋಗಿದ್ದಳು, ಇನ್ನು ಅರ್ಧ ತಾಸಿಗೆ ಬರುವವಳು. ಆ ಅರ್ಧ ತಾಸಿನಲ್ಲಿ ಕಸ್ತೂರಿ ಬಟ್ಟೆ ಒಗೆದಳು, ಬಚ್ಚಲು ತೊಳೆದಳು, ತನ್ನ ಕಂಡಕ್ಟರ್ ಚೀಲದಲ್ಲಿದ್ದ ಪ್ಯಾಡು ತೆಗೆದು ಹೇಗೆ ಇಟ್ಟುಕೊಳ್ಳಬೇಕೆಂದು ತೋರಿಸಿದಳು.

"ಯಾರಿಗೂ ಹೇಳಬ್ಯಾಡ. ಅಜ್ಜಿಗೂ ಬ್ಯಾಡ, ಅಪ್ಪಗೂ ಬ್ಯಾಡ. ಸಾಲ್ಯಾಗ ಹತ್ತನೇತ್ತಾ ಮುಗೀಲಿ, ಆಮ್ಯಾಲೆ ನೋಡೂಣು."

"ದವಾಖಾನಿಯವ್ರಿಗೆ?"

"ಅವ್ರಿಗ್ಯಾಕ ಬೇಕವ್ವಾ ಅದು?"

ಯಾಕೆ ಬೇಕು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ, ಅದೂ ನಿಜ. ಆ ರವಿವಾರ ಮಹಾನಂದಾಳ ಕಣ್ಣ ಮುಂದೆ ಕಸ್ತೂರಿ ಎಂದಿನಂತೆಯೇ "ಇಲ್ಲ" ಎಂದಳು. ತನ್ನ ಬದುಕಿನಲ್ಲಿ ಮೊದಲ ಬಾರಿ ಮಗಳಿಗಾಗಿ ಏನೋ ಗೆದ್ದಂತೆ, ಒಳಗೊಳಗೇ ಒಂದು ಬೆಚ್ಚನೆಯ ಹೆಮ್ಮೆ. ಮುಂದಿನ ವಾರವೂ ಇಲ್ಲ. ಅದರ ಮುಂದಿನ ವಾರವೂ.

*

ಎರಡು ತಿಂಗಳ ನಂತರ ಮುತ್ತಣ್ಣನ ಫೋನಿಗೆ ಸಂದೇಶ ಬಂತು. "ಅಭಿನಂದನೆಗಳು. ಈ ವಾರ ನಿಮ್ಮ ಮಗುವಿನ ಕಾವಲು ಎರಡು ಹೊಸ ನಾಳಗಳನ್ನು ಗುರುತಿಸಿ ಮುಚ್ಚಿದೆ. ಸ್ಥಿತಿ: ಉತ್ತಮ."

ಮುತ್ತಣ್ಣ ಓಣಿಗೆಲ್ಲ ಓದಿ ಹೇಳಿದ. "ನೋಡ್ರಿ, ನಾವು ಇಲ್ಲಿ ಉಪ್ಪಿಟ್ಟು ತಿನ್ನಾಕತ್ತೀವಿ, ಅವು ಒಳಗ ಡ್ಯೂಟಿ ಮಾಡಾಕತ್ತಾವು!"

ಮುಂದಿನ ವಾರ ಮೂರು. ಆಮೇಲೆ ಐದು. ಮೂರು ತಿಂಗಳಿಗೊಮ್ಮೆ ತೆಗೆಯುವ ಸ್ಕ್ಯಾನ್ ನೋಡಿ ಡಾಕ್ಟರೂ, "ಈ ವಯಸ್ಸಿನಾಗ ರೋಗ ಜೋರ ಆಗೂದ. ಕಣ ಅದಕ್ಕಿಂತ ಜೋರ ಅದಾವ," ಎಂದು ಬೆನ್ನು ತಟ್ಟಿ ಕಳಿಸಿದರು.

ಸಂಜೋತಾ ಮೆಟ್ಟಿಲುಗಳನ್ನು ಮೊದಲು ಒಂದೊಂದಾಗಿ ಹತ್ತತೊಡಗಿದಳು. ಆಮೇಲೆ ನಾಲ್ಕನೆಯ ಮೆಟ್ಟಿಲಲ್ಲಿ ನಿಂತು, ಏನೋ ನೆನಪಾದವರಂತೆ ಗೋಡೆ ಮುಟ್ಟಿಕೊಂಡು, ಮತ್ತೆ ಹತ್ತುವಳು. ಖೋಖೋ ಬಿಟ್ಟೆ ಎಂದಳು. ಯಾಕೆಂದರೆ ಬ್ಯಾಸರಾಗೇತಿ ಎಂದಳು. ಕಸ್ತೂರಿ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿ ನೋಡಿದಳು: ತೊಂಬತ್ತಾರು. ತುಟಿ ನೋಡಿದಳು: ಕೆಂಪು. ತಿಂಗಳು ತಿಂಗಳು ರಕ್ತ ಹೋಗುವ ನಿತ್ರಾಣವಿದ್ದೀತು ಎಂದುಕೊಂಡು, ಯಾರಿಗೂ ಅನುಮಾನ ಬಾರದಂತೆ ಎಳ್ಳು ಬೆಲ್ಲದ ಉಂಡಿ ಕಟ್ಟಿ ಎಲ್ಲರಿಗೂ ಕೊಟ್ಟು ಮಗಳಿಗೆ ಎರಡು ಹೆಚ್ಚು ಕೊಟ್ಟಳು.

"ಎದ್ಯಾಗ ಏನರ ಆಗ್ತೈತೇನು ಸಂಜೂ?"

"ಏನಿಲ್ಲವ್ವಾ." ಉಂಡಿ ಮುರಿಯುತ್ತ, "ಗಾಳಿ ಬರ್ತೈತಿ. ಖರೇ, ಬಂದದ್ದು ಎಲ್ಲಿ ಹೊಕ್ಕೈತೋ ಗೊತ್ತಾಗೂದಿಲ್ಲ," ಎಂದಳು.

ಆ ವಾರದ ಸಂದೇಶದಲ್ಲಿ ಏಳು ನಾಳ ಮುಚ್ಚಿದ್ದವು. ಸ್ಥಿತಿ: ಉತ್ತಮ.

*

ಲಕ್ಷ್ಮೇಶ್ವರದ ಬಸ್ಸಿನಲ್ಲಿ ಒಬ್ಬ ಹೆಂಗಸು ಮೀಸೆ ಚಿಗುರಿದ ಮಗನನ್ನು ತೊಡೆಯ ಮೇಲೆ ಒತ್ತಿ ಕೂರಿಸಿಕೊಂಡು ಅರ್ಧ ಟಿಕೆಟ್ ಕೇಳಿದಳು. ಇಂಥವರನ್ನು ಕಸ್ತೂರಿ ದಿನಕ್ಕೆ ಹತ್ತು ಮಂದಿ ನೋಡುತ್ತಾಳೆ.

"ಎಷ್ಟು ವರ್ಷ್ರೀ ಇವಗ?"

"ಹನ್ನೊಂದ್ರಿ."

"ಹನ್ನೊಂದಕ್ಕ ಗಡ್ಡ ಬರ್ತೈತೇನ್ರಿ ನಿಮ್ಮನ್ಯಾಗ? ಇಳದು ಹೋಗೂ ಮುಂದ ಲಗ್ನಪತ್ರ ಕೊಟ್ಟು ಹೋಗ್ರಿ."

ಬಸ್ಸೆಲ್ಲ ನಕ್ಕಿತು. ಹೆಂಗಸೂ ನಕ್ಕಳು, ನಾಚಲಿಲ್ಲ. "ಕೇಳಿದ್ದಕ್ಕೆಲ್ಲ ಖರೇ ಹೇಳಿದ್ರ ನಮಗೇನು ಸಿಗತೈತ್ರಿ ಅಕ್ಕಾರ? ನೀವು ಬರಕೊಳ್ಳಾವ್ರು, ಬರಕೊಳ್ರಿ. ನಾವೇನರ ಒಂದು ಹೇಳೂದು."

ಕಸ್ತೂರಿ ನಗುತ್ತಲೇ ಅರ್ಧ ಟಿಕೆಟ್ ಹರಿದು ಕೊಟ್ಟಳು. ಮೂರು ಸ್ಟಾಪು ಹೋದ ಮೇಲೆ ಅವಳ ಕೈ ಟಿಕೆಟ್ ಯಂತ್ರದ ಮೇಲೆ ಹಾಗೇ ನಿಂತಿತು. ನೀವು ಬರಕೊಳ್ಳಾವ್ರು. ಹೌದು, ಬರೆದುಕೊಳ್ಳುವವರು ಯಾಕೆ ಬರೆದುಕೊಳ್ಳುತ್ತಾರೆ? ತಾನು ಕೇಳುವ ವಯಸ್ಸಿಗೆ ಒಂದು ಲೆಕ್ಕವಿದೆ: ಹನ್ನೆರಡರ ತನಕ ಒಂದು ಬೆಲೆ, ದಾಟಿದರೆ ಇನ್ನೊಂದು. ಹಾಗಿದ್ದರೆ ಆ ಒಂಬತ್ತನೆಯ ಪ್ರಶ್ನೆಗೆ?

ಸುಳ್ಳು ಹೇಳತೊಡಗಿ ಎಂಟು ತಿಂಗಳಾಗಿತ್ತು. ಮರುದಿನ ರಜೆ ಹಾಕಿ, ಸಂಜೋತಾಳ ಹಲ್ಲು ತೋರಿಸಬೇಕು ಎಂದು ಮನೆಯಲ್ಲಿ ಹೇಳಿ, ಹುಬ್ಬಳ್ಳಿಗೆ ಹೊರಟಳು. ದವಾಖಾನೆಯ ಬಾಗಿಲಿಂದ ಲಿಫ್ಟಿನವರೆಗೆ ಹುಡುಗಿ ಎರಡು ಕಡೆ ಕೂತಳು.

*

"ಒಂಬತ್ತನೇ ಪ್ರಶ್ನೆಗೆ ಸುಳ್ಳು ಹೇಳೀನ್ರಿ," ಎಂದಳು ಕಸ್ತೂರಿ, ಶಾಹೀನಳ ಕೋಣೆಯ ಹೊಸ್ತಿಲಲ್ಲಿ ನಿಂತೇ. "ಎಂಟು ತಿಂಗಳಾತು."

ಶಾಹೀನ್ ಅವಳನ್ನೊಮ್ಮೆ, ಅವಳ ತೋಳಿಗೆ ಒರಗಿದ ಹುಡುಗಿಯನ್ನೊಮ್ಮೆ ನೋಡಿದಳು. ಪರದೆಯ ಮೇಲೆ ಎರಡು ನಕಾಶೆ ಅಕ್ಕಪಕ್ಕ ಇಟ್ಟಳು. ಒಂದು ಎರಡು ವರ್ಷದ ಹಿಂದಿನದು, ಒಂದು ಇವತ್ತಿನದು. ಕಸ್ತೂರಿಗೆ ವಿವರಿಸಿ ಹೇಳಬೇಕಾಗಲಿಲ್ಲ. ಮುಷ್ಕರದ ದಿನದ ಡಿಪೋದ ಹಾಗೆ, ಎಷ್ಟೋ ಗೆರೆಗಳು ನಡುವೆಯೇ ನಿಂತುಬಿಟ್ಟಿದ್ದವು.

ಡಾಕ್ಟರ್ ಹಂಪಿಹೊಳಿ ಓಡಿ ಬಂದರು. ಸಂಜೋತಾಳನ್ನು ಪಕ್ಕದ ಮಂಚದ ಮೇಲೆ ಮಲಗಿಸಿ, ಎದೆಯ ಮೇಲೆ ಸ್ಕ್ಯಾನಿನ ಕಡ್ಡಿ ಆಡಿಸಿದರು. ಮುಖ ಸಣ್ಣದಾಯಿತು.

"ದೊಡ್ಡಾಕಿ ಆಗೂ ಮುಂದ ಶ್ವಾಸಕೋಶಾನೂ ಬೆಳೀತಾವು. ಒಳ್ಳೆ ನಾಳಾನೂ ಅಗಲ ಆಗ್ತಾವು. ಹೌದು ಅಂದಿದ್ರ ಮಶೀನ್ ಮಿತಿ ಏರಿಸ್ತಿತ್ತು. ಇಲ್ಲ ಅಂದದ್ದಕ್ಕ..." ನಡುವೆ ನಿಂತ ಗೆರೆಗಳತ್ತ ಬೆರಳು ತೋರಿಸಿದರು. "ಬೆಳ್ಯಾಕತ್ತಿದ್ದನ್ನ ಎಲ್ಲಾ ರೋಗ ಅಂತ ತಿಳಕೊಂಡಾವು."

"ಬೆರಳಿಗೆ ತೊಂಬತ್ತಾರು ತೋರಸ್ತಿತ್ತಲ್ರೀ!"

"ಉಳದ ನಾಳದಾಗ ರಕ್ತ ಗಾಳಿ ತಗೋತೈತ್ರಿ, ಅದಕ್ಕ ಅಂಕಿ ಸರಿ. ಆದ್ರ ಎಲ್ಲಾ ರಕ್ತ ಇದ್ದಷ್ಟ ದಾರ್ಯಾಗ ತೂರಬೇಕು. ಹೃದಯ ದಬ್ಬಿ ದಬ್ಬಿ..."

ಹತ್ತು ಬಸ್ಸಿನ ಜನ ಮೂರು ಬಸ್ಸಿನಲ್ಲಿ. ಕಸ್ತೂರಿಗೆ ತಿಳಿಯಿತು. ಇಂಜಿನ್ನು ಎಲ್ಲಿಯವರೆಗೆ ಎಳೆದೀತು ಎನ್ನುವುದೂ ತಿಳಿಯಿತು.

ಶಾಹೀನ್ ಕೀಲಿ ಒತ್ತಿ ಸಂಜೋತಾಳ ಕಣಗಳಿಗೆ ನಿಲ್ಲುವ ಆಜ್ಞೆ ಕೊಟ್ಟಳು. ಇನ್ನು ಅವು ಹೊಸದಾಗಿ ಏನನ್ನೂ ಮುಚ್ಚವು.

"ಮುಚ್ಚಿದ್ದು?" ಎಂದಳು ಕಸ್ತೂರಿ.

ಡಾಕ್ಟರು ಸ್ಕ್ಯಾನಿನ ಕಡ್ಡಿ ಕೆಳಗಿಟ್ಟರು. "ತಗೀಲಿಕ್ಕೆ ಬರಂಗಿಲ್ಲ. ಗೋಡೆ ಕೂಡೇ ಬೆಳದುಬಿಡ್ತಾವು. ನೂರಾ ಮೂವತ್ತೊಂಬತ್ತು ನಾಳ," ಎಂದರು. "ಒಂದು ಹೌದು ಅಂದಿದ್ರ ಸಾಕಿತ್ತಲ್ಲ ಅಕ್ಕಾರ."

ಆಗ ಕಸ್ತೂರಿಗೆ ಸಿಟ್ಟು ಬಂತು. ಎಂಟು ತಿಂಗಳದ್ದಲ್ಲ, ಮದುವೆಯಾಗಿ ಹದಿನೈದು ವರ್ಷದ ಸಿಟ್ಟು. "ಗಂಡನ ಫೋನಿಗೆ ಹಚ್ಚಿ, ಗಂಡಸಿನ ದನಿಲೆ, ಮನಿ ಮಂದಿ ನಡುವ ಕೇಳ್ತೀರಿ! ಎಂಟು ಪ್ರಶ್ನೆ ಕೇಳಿ ಒಂಬತ್ತನೇದಂತ ಅದನ್ನ ಕೇಳ್ತೀರಿ! ಯಾಕ ಅಂತ ಒಂದು ಮಾತು ಹೇಳಿದ್ರೇನ್ರಿ? ಆ ಉತ್ತರದ ಮ್ಯಾಲೆ ನನ್ನ ಮಗಳ ಉಸುರು ನಿಂತೈತಿ ಅಂತ ಹೇಳಿದ್ರೇನು?" ಮೂಗಿನಲ್ಲಿ ಬೆಚ್ಚಗೆ ಒಸರಿತು. ಸೆರಗಿನಿಂದ ಒತ್ತಿ ಹಿಡಿದಳು.

ಮಂಚದ ಮೇಲಿಂದ ಸಂಜೋತಾ, "ಅವ್ವಾ, ಅವ್ರಿಗೆ ಬೈಬ್ಯಾಡ," ಎಂದಳು. "ನಾನೂ ಹೇಳಬಹುದಿತ್ತು." ಆ ಮಾತು ಬೈಗುಳಕ್ಕಿಂತ ಆಳಕ್ಕೆ ಹೋಯಿತು.

ಶಾಹೀನ್ ಈ ಮಾತುಗಳನ್ನು ಕೇಳುತ್ತಿರಲಿಲ್ಲ. ಅವಳು ಮತ್ತೊಂದು ಪರದೆಯ ಮುಂದೆ ಬಗ್ಗಿದ್ದಳು. ಈ ಕಣಗಳ ಯೋಜನೆಯಲ್ಲಿರುವ ಹುಡುಗಿಯರು, ಹನ್ನೊಂದರಿಂದ ಹದಿನಾಲ್ಕು ವರ್ಷದೊಳಗಿನವರು. ನಲವತ್ತೊಂದು ಹೆಸರು ಬಂದವು: ಬೈಲಹೊಂಗಲ, ಸವದತ್ತಿ, ಇಳಕಲ್ಲು, ಕುಷ್ಟಗಿ. ಒಂಬತ್ತನೆಯ ಪ್ರಶ್ನೆಯ ಉತ್ತರಗಳ ಪಟ್ಟಿ ತೆರೆದಳು. ಮೇಲಿಂದ ಕೆಳಗೆ ಒಂದೇ ಉತ್ತರ: ಇಲ್ಲ.

"ಯಾ ಅಲ್ಲಾ," ಎಂದಳು ಸಣ್ಣ ದನಿಯಲ್ಲಿ. "ಒಬ್ಬಾಕೀನೂ ಇಲ್ಲ. ಮೂರು ವರ್ಷದಾಗ ಒಂದೂ 'ಹೌದು' ಬಂದಿಲ್ಲ ಸರ್."

ಡಾಕ್ಟರು ಅವಳ ಹೆಗಲ ಮೇಲಿಂದ ನೋಡಿದರು. ಯಂತ್ರ ಎಲ್ಲರ ಉತ್ತರ ಕೂಡಿಸಿ ಕಲಿಯುವಂಥದ್ದು, ಕಲಿತೂ ಇತ್ತು. ಹದಿನಾಲ್ಕರ ತನಕ ಹೆಣ್ಣುಮಕ್ಕಳು ಬೆಳೆಯುವುದೇ ಇಲ್ಲ ಎಂಬುದು ಅದಕ್ಕೆ ಖಚಿತವಾಗಿ, ವಾರದಿಂದ ವಾರಕ್ಕೆ ಮಿತಿಯನ್ನು ಇನ್ನಷ್ಟು ಬಿಗಿ ಮಾಡುತ್ತ ಬಂದಿತ್ತು. ಪರದೆಯ ಅಂಚಿನಲ್ಲಿ, ಮುಚ್ಚಿದ ನಾಳಗಳ ಮೊತ್ತ ಅವರು ನೋಡುತ್ತಿರುವಂತೆಯೇ ಒಂದು ಹೆಚ್ಚಾಯಿತು. ಯಾವ ಊರಿನ ಯಾವ ಹುಡುಗಿಯದೋ.

"ಎಲ್ಲಾರ್ದೂ ನಿಲ್ಲಿಸಿಬಿಡ್ರಿ," ಎಂದಳು ಕಸ್ತೂರಿ.

"ನಿಲ್ಲಸ್ಲಿಕ್ಕೆ ಬರಂಗಿಲ್ಲ," ಎಂದರು ಡಾಕ್ಟರು. "ಇವರೊಳಗ ಖರೇನ ಸಣ್ಣವ್ರು ಅದಾರ, ಕೆಟ್ಟ ನಾಳ ಇವತ್ತೂ ತೆರೀತಿರ್ತಾವು. ಕಾವಲು ತಗದ್ರ ಹೆಪ್ಪು ಮೆದುಳಿಗೆ ಹೊಕ್ಕೈತಿ. ಯಾರು ಆಗ್ಯಾರ, ಯಾರು ಆಗಿಲ್ಲ ಅಂತ ಗೊತ್ತಾಗಬೇಕು. ಎಲ್ಲಾರ್ನೂ ಕರಿಸಿ ರಕ್ತ ತಪಾಸ ಮಾಡೂದ್ರಾಗ ವಾರ ಹೊಕ್ಕೈತಿ."

ಶಾಹೀನ್ ಆಗಲೇ ಬೈಲಹೊಂಗಲಕ್ಕೆ ಫೋನು ಹಚ್ಚಿದ್ದಳು. ಒಬ್ಬ ಗಂಡಸು ಎತ್ತಿದ. ಅವಳು ಹೇಗೆ ಕೇಳಿದರೂ, "ಅಂಥಾದ್ದೇನಿಲ್ರೀ, ಆಗಿದ್ರ ಹೇಳ್ತಿರ್ಲಿಲ್ಲೇನ್ರಿ?" ಎಂದು ಹೇಳಿ ಇಟ್ಟುಬಿಟ್ಟ. ಸವದತ್ತಿಗೆ ಕಸ್ತೂರಿ ಮಾತಾಡಿದಳು. ಫೋನು ಎತ್ತಿದವರಿಗೆ ಹುಡುಗಿಯ ತಾಯಿಯ ಕೈಗೆ ಕೊಡಿರಿ ಎಂದು ಹೇಳಿ, ಅವಳು ಬಂದ ಮೇಲೆ ತನ್ನ ಕಥೆಯನ್ನೆಲ್ಲ ಹೇಳಿಕೊಂಡಳು. ಆ ಕಡೆ ಬಹಳ ಹೊತ್ತು ಏನೂ ಕೇಳಲಿಲ್ಲ, ಕುಕ್ಕರಿನ ಸೀಟಿ ಬಿಟ್ಟರೆ. ಆಮೇಲೆ ಆ ತಾಯಿ, ಹಿಂದೆ ಯಾರೋ ನಿಂತಿರುವಾಗ ಮಾತಾಡುವ ದನಿಯಲ್ಲಿ, "ಇಲ್ಲ ತಂಗಿ, ಇನ್ನೂ ಆಗಿಲ್ಲ," ಎಂದಳು. ಆ ಮೌನ ಎಂಥದ್ದೆಂದು ಕಸ್ತೂರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೆ ಮೌನವನ್ನು ಯಂತ್ರಕ್ಕೆ ಉತ್ತರವೆಂದು ಕೊಡಲು ಬರುವುದಿಲ್ಲ.

"ಫೋನ್ ನನಗ ಕೊಡು," ಎಂದಳು ಸಂಜೋತಾ.

"ನೀ ಮಕ್ಕೋ ಸಂಜೂ."

"ಅವ್ವಾ, ಕೊಡು. ಸಾಲಿ ಗೆಳತಿ ಅಂತ ಹೇಳ್ರಿ. ಆಕಿ ಕೈಯಾಗ ಕೊಡ್ತಾರ."

ಮೂರನೆಯ ಹೆಸರು ಇಳಕಲ್ಲಿನ ಹುಡುಗಿ, ಸಂಜೋತಾಳ ಓರಗೆಯವಳು. ಅಜ್ಜಿಯೊಬ್ಬಳು ಎತ್ತಿದಳು. ಖೋಖೋ ಆಡುವ ಗೆಳತಿ ಎಂದು ಸಂಜೋತಾ ಹೇಳಿದಳು. "ಈಗೆಲ್ಲಿ ಆಡ್ತಾಳವ್ವಾ ಆಕಿ," ಎನ್ನುತ್ತ ಅಜ್ಜಿ ಫೋನು ದಾಟಿಸಿದಳು.

ಸಂಜೋತಾ ದಿಂಬಿಗೆ ಒರಗಿ ಸ್ವಲ್ಪ ಎದ್ದು ಕೂತಳು. "ನೀ ಮಾಳಿಗಿ ಮ್ಯಾಲೆ... ಹೋಗಿ ನಿಂದ್ರು," ಎಂದಳು. ಮೂರು ಮಾತಿಗೊಮ್ಮೆ ಉಸಿರು ತೆಗೆದುಕೊಳ್ಳಬೇಕಾಗುತ್ತಿತ್ತು. "ಯಾರಿಗೂ ಕೇಳಬಾರ್ದು... ಒಂದು ಕೇಳ್ತೀನಿ... ನನ್ನ ಎದ್ಯಾಗೂ... ಅವ ಅದಾವ..."

ಆ ಕಡೆ ಹೆಜ್ಜೆಯ ಸಪ್ಪಳ. ಒಂದು, ಎರಡು, ಮೂರು, ನಾಲ್ಕು. ನಿಂತಿತು. ಶಾಹೀನಳ ಬೆರಳು ಕೀಲಿಯ ಮೇಲೆ ಕಾಯುತ್ತಿತ್ತು.

ಆಮೇಲೆ ಸ್ಪೀಕರಿನಲ್ಲಿ ಒಂದು ಎಳೆಯ ದನಿ, ಸಂಜೋತಾ ತಡೆದು ತಡೆದು ಆಡಿದ್ದಂತೆಯೇ ತಡೆಯುತ್ತ, ಮೆಲ್ಲಗೆ ಹೇಳಿತು:

"ಮ್ಯಾಲೆ ಹತ್ತಾಕ... ಆಗವಲ್ದು ಅಕ್ಕಾ... ಇಲ್ಲೇ... ಕೇಳು."